ಯಾವ ಗೇಟು, ಎಷ್ಟು ಸಂಬಳ?

ಬೆಳಿಗ್ಗೆ ಎಂಟರ ಹೊತ್ತಿಗೆ ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಒಂದು ಅದಲುಬದಲು ನಡೆಯುತ್ತದೆ. ರಾತ್ರಿ ಪಾಳಿ ಮುಗಿಸಿದವರು ಕೆಂಪು ಕಣ್ಣಿನಲ್ಲಿ ಹತ್ತುತ್ತಾರೆ, ಹಗಲು ಪಾಳಿಯವರು ಬುತ್ತಿಚೀಲ ಹಿಡಿದು ಇಳಿಯುತ್ತಾರೆ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಬಗೆಯ ಅಂಗಿ, ಒಂದೇ ಬಗೆಯ ಟೋಪಿ, ಎದೆಯ ಮೇಲೊಂದು ಏಜೆನ್ಸಿಯ ಬಿಲ್ಲೆ. ಒಬ್ಬರು ಪಣಂಬೂರಿನ ಕಡೆಯಿಂದ ಬಂದವರಿರಬಹುದು, ಇನ್ನೊಬ್ಬರು ಕದ್ರಿಯ ಯಾವುದೋ ಫ್ಲ್ಯಾಟಿಗೆ ಹೊರಟವರಿರಬಹುದು. ಮಾಡುವ ಕೆಲಸ ಒಂದೇ. ತಿಂಗಳ ಮೊದಲ ವಾರ ಖಾತೆಗೆ ಬೀಳುವ ಹಣದಲ್ಲಿ ಮಾತ್ರ ಸಾವಿರಗಟ್ಟಲೆ ಅಂತರ. ಈ ಊರಿನಲ್ಲಿ ಸೆಕ್ಯುರಿಟಿಯವರ ಸಂಬಳ ಅವರು ಎಷ್ಟು ವರ್ಷದಿಂದ ನಿಂತಿದ್ದಾರೆ ಎಂಬುದರ ಮೇಲೆ ಹೋಗುವುದು ಅಪರೂಪ. ಅವರು ಕಾಯುತ್ತಿರುವ ಗೇಟು ಯಾರದ್ದು, ಆ ಗೇಟಿನಿಂದ ಅವರ ಜೇಬಿನವರೆಗೆ ದುಡ್ಡು ಎಷ್ಟು ಕೈ ದಾಟುತ್ತದೆ ಎಂಬುದರ ಮೇಲೆ ಹೋಗುತ್ತದೆ.

ಮೊದಲು ದೊಡ್ಡ ಗೇಟುಗಳ ಮಾತು. ನವ ಮಂಗಳೂರು ಬಂದರು, ಎಂಆರ್‌ಪಿಎಲ್, ಬಜ್ಪೆ ವಿಮಾನ ನಿಲ್ದಾಣ ಇವುಗಳ ಮುಖ್ಯ ಕಾವಲು ಸಿಐಎಸ್‌ಎಫ್‌ನದ್ದು. ಅದು ಕೇಂದ್ರ ಸರ್ಕಾರದ ಪಡೆ, ವೇತನ ಆಯೋಗದ ಸಂಬಳ. ಅದನ್ನು ಇಲ್ಲಿ ಬದಿಗಿಡೋಣ. ಆದರೆ ಬಂದರು, ರೈಲ್ವೆ, ಬ್ಯಾಂಕುಗಳಂಥ ಕೇಂದ್ರದ ವ್ಯಾಪ್ತಿಯ ಜಾಗಗಳಲ್ಲಿ ಗುತ್ತಿಗೆಯ ಮೇಲೆ ನಿಲ್ಲುವ ಖಾಸಗಿ ಕಾವಲುಗಾರರಿಗೂ ಕೇಂದ್ರದ ಕನಿಷ್ಠ ವೇತನವೇ ಅನ್ವಯ. 2024ರ ಅಕ್ಟೋಬರ್ 1ರಿಂದ ಜಾರಿಯಾದ ದರದ ಪ್ರಕಾರ ಎ ವರ್ಗದ ನಗರಗಳಲ್ಲಿ ಆಯುಧವಿಲ್ಲದ ಕಾವಲುಗಾರನಿಗೆ ದಿನಕ್ಕೆ 954 ರೂಪಾಯಿ, ತಿಂಗಳಿಗೆ 24,804. ಬಂದೂಕು ಹಿಡಿದವನಿಗೆ ದಿನಕ್ಕೆ 1,035, ತಿಂಗಳಿಗೆ 26,910. ಎ ವರ್ಗವೆಂದರೆ ಬೆಂಗಳೂರಿನಂಥ ಮಹಾನಗರ. ಮಂಗಳೂರು ಆ ಪಟ್ಟಿಯಲ್ಲಿಲ್ಲದ ಕಾರಣ ಇಲ್ಲಿ ಸ್ವಲ್ಪ ಕಡಿಮೆ. ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ವರ್ಷಕ್ಕೆರಡು ಬಾರಿ ತುಟ್ಟಿಭತ್ಯೆ ಏರುತ್ತದೆ. ಸರ್ಕಾರಿ ಉದ್ದಿಮೆಗಳಿಗೆ ಕಾವಲುಗಾರರನ್ನು ಒದಗಿಸಲು ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ ಮಾಜಿ ಸೈನಿಕರ ಏಜೆನ್ಸಿಗಳನ್ನು ಪಟ್ಟಿ ಮಾಡಿಕೊಂಡಿರುತ್ತದೆ. ಹಾಗಾಗಿ ಹದಿನೈದು ವರ್ಷ ಸೇನೆಯಲ್ಲಿ ದುಡಿದು ನಲವತ್ತರ ಒಳಗೇ ಊರಿಗೆ ಬಂದವರಿಗೆ ಈ ಬಾಗಿಲು ಸ್ವಲ್ಪ ಬೇಗ ತೆರೆಯುತ್ತದೆ.

ಅಲ್ಲಿಂದ ಹತ್ತು ಕಿಲೋಮೀಟರ್ ಈಚೆ, ನಗರದೊಳಗಿನ ಆಸ್ಪತ್ರೆ, ಮಾಲ್, ಕಾಲೇಜು, ಫ್ಲ್ಯಾಟುಗಳಲ್ಲಿ ನಡೆಯುವುದು ರಾಜ್ಯದ ಕನಿಷ್ಠ ವೇತನ. ಅದು ವರ್ಷಕ್ಕೊಮ್ಮೆ, ಏಪ್ರಿಲ್ 1ಕ್ಕೆ ಏರುತ್ತದೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆ ರಾಜ್ಯವನ್ನು ಮೂರು ವಲಯ ಮಾಡಿ, ಎಲ್ಲಕ್ಕಿಂತ ಕೆಳಗಿನ ಕೌಶಲರಹಿತ ಕೆಲಸಕ್ಕೂ ತಿಂಗಳಿಗೆ 19,319 ರೂಪಾಯಿ ಇರಬೇಕೆಂದಿತು. ಮೇಲ್ತುದಿ 34,225. ಮಂಗಳೂರಿನಂಥ ಜಿಲ್ಲಾ ಕೇಂದ್ರಗಳನ್ನು ನಡುವಿನ ವಲಯಕ್ಕೆ ಹಾಕಿತ್ತು. ಊಟ, ಬಟ್ಟೆ, ಬಾಡಿಗೆಯ ಮೇಲೆ ಮಕ್ಕಳ ಓದು, ಔಷಧ, ಮುಪ್ಪಿಗೆಂದು ಇನ್ನೂ ಕಾಲು ಭಾಗ ಸೇರಿಸಬೇಕು ಎಂದು ಸುಪ್ರೀಂ ಕೋರ್ಟ್ ರೆಪ್ಟಕೋಸ್ ಪ್ರಕರಣದಲ್ಲಿ ಹೇಳಿದ ಸೂತ್ರವೇ ಇದರ ಹಿಂದಿದ್ದುದು. ಉದ್ಯಮಿಗಳು ತಕ್ಷಣ ಆಕ್ಷೇಪ ಎತ್ತಿದರು. ಅವರ ಆಕ್ಷೇಪಕ್ಕೂ ಅರ್ಥವಿಲ್ಲ ಎನ್ನಲಾರೆ. ಆದರೆ ಸೆಕ್ಯುರಿಟಿ ಕೆಲಸದಲ್ಲಿ ದರ ಏರಿಸಿದರೆ ಸಂಬಳ ಏರುತ್ತದೆ ಎಂಬ ನಂಬಿಕೆಯೇ ಅಷ್ಟು ಗಟ್ಟಿಯಲ್ಲ. ಯಾಕೆಂದರೆ ಇಲ್ಲಿ ಕಳೆದುಹೋಗುವುದು ದರವಲ್ಲ, ಗಂಟೆ.

ಗಂಟೆಯ ಲೆಕ್ಕ ಒಮ್ಮೆ ಮಾಡಿ ನೋಡಿ. ಒಂದು ಗೇಟನ್ನು ವಾರವಿಡೀ ಕಾಯಲು 168 ಗಂಟೆ ಬೇಕು. ಕಾನೂನು ಒಬ್ಬನಿಂದ ವಾರಕ್ಕೆ 48 ಗಂಟೆ ಕೆಲಸ ತೆಗೆಸಬಹುದೆನ್ನುತ್ತದೆ. ಅಂದರೆ ಒಂದು ಗೇಟಿಗೆ ಮೂರೂವರೆ ಜನ: ಮೂರು ಪಾಳಿಗೆ ಮೂವರು, ವಾರದ ರಜೆ ತುಂಬಲು ಅರ್ಧ ರಿಲೀವರ್. ನಮ್ಮ ಫ್ಲ್ಯಾಟುಗಳಲ್ಲಿ ಇರುವವರು ಇಬ್ಬರು. ಎಂಟರಿಂದ ಎಂಟು, ಮತ್ತೆ ಎಂಟರಿಂದ ಎಂಟು. ರಿಲೀವರ್ ಬಾರದ ದಿನ ಡಬಲ್ ಡ್ಯೂಟಿ. ಈ ಇಬ್ಬರೂ ತಲಾ ವಾರಕ್ಕೆ 84 ಗಂಟೆ ನಿಲ್ಲುತ್ತಾರೆ. ಮಿತಿ ಮೀರಿದ 36 ಗಂಟೆಗೆ ಕಾನೂನಿನಂತೆ ದುಪ್ಪಟ್ಟು ಕೂಲಿ ಕೊಟ್ಟರೆ ಅದು 72 ಗಂಟೆಯ ಸಂಬಳ. ಒಟ್ಟು ಒಬ್ಬನಿಗೆ 120 ಗಂಟೆ, ಇಬ್ಬರಿಗೆ 240. ನಲವತ್ತೆಂಟರಿಂದ ಭಾಗಿಸಿದರೆ ಐದು ಜನರ ಸಂಬಳ. ಕಾನೂನಿನಂತೆ ನಡೆದರೆ ಮೂರು ಪಾಳಿಗಿಂತ ಎರಡು ಪಾಳಿಯೇ ದುಬಾರಿ. ಹಾಗಿದ್ದೂ ಊರಿಡೀ ಎರಡೇ ಪಾಳಿ ನಡೆಯುತ್ತಿದೆ ಎಂದರೆ ಓಟಿಯನ್ನು ದುಪ್ಪಟ್ಟಾಗಿ ಕೊಡುತ್ತಿಲ್ಲ, ಎಷ್ಟೋ ಕಡೆ ಓಟಿಯೆಂದು ಲೆಕ್ಕಕ್ಕೇ ಹಿಡಿಯುತ್ತಿಲ್ಲ ಎಂದೇ ಅರ್ಥ. ‘ತಿಂಗಳಿಗೆ ಇಷ್ಟು ಕೈಗೆ’ ಎಂದು ಮಾತಾಡಿ ಸೇರಿಸಿಕೊಂಡವನ ಹತ್ತಿರ ಗಂಟೆಯ ಪ್ರಶ್ನೆ ಯಾರು ಎತ್ತುತ್ತಾರೆ ಮಾರಾಯ್ರೆ?

ಈಗ ಹಣದ ಬಿಲ್ಲು. ಇದು ಯಾವ ಏಜೆನ್ಸಿಯ ದರಪಟ್ಟಿಯೂ ಅಲ್ಲ, ಲೆಕ್ಕಕ್ಕೆ ಸುಲಭವಾಗಲೆಂದು ವೇತನ 15,000 ಎಂದಿಟ್ಟುಕೊಂಡ ಉದಾಹರಣೆ. ಅದರ ಮೇಲೆ ಮಾಲೀಕನ ಪಾಲಿನ ಪಿಎಫ್ ಆಡಳಿತ ವೆಚ್ಚ ಸೇರಿ ನೂರಕ್ಕೆ 13ರಂತೆ 1,950, ಇಎಸ್‌ಐ ಶೇ 3.25ರಂತೆ 488, ಬೋನಸ್ಸಿಗೆ ಶೇ 8.33ರಂತೆ 1,250, ಗ್ರಾಚ್ಯುಯಿಟಿಗೆ ಶೇ 4.81ರಂತೆ 721. ಸುಮಾರು 19,400 ಆಯಿತು. ಏಜೆನ್ಸಿಯ ಸೇವಾಶುಲ್ಕ ನೂರಕ್ಕೆ ಎಂಟು ಎಂದುಕೊಂಡರೆ ಹತ್ತಿರ ಹತ್ತಿರ 21,000. ಅದರ ಮೇಲೆ ಶೇ 18ರ ಜಿಎಸ್‌ಟಿ. ಫ್ಲ್ಯಾಟಿನ ಸಂಘ ಬರೆಯುವ ಚೆಕ್ಕು 24,700ರ ಆಸುಪಾಸಿಗೆ ಬರುತ್ತದೆ. ಅತ್ತ ಕಾವಲುಗಾರನ 15,000ದಿಂದ ಅವನ ಪಾಲಿನ ಪಿಎಫ್ 1,800, ಇಎಸ್‌ಐ 113 ಕಡಿತವಾಗಿ ಕೈಗೆ ಬರುವುದು 13,087. ಮನೆಯವರು ‘ಇಪ್ಪತ್ತೈದು ಸಾವಿರ ಕೊಡ್ತೇವಲ್ಲ’ ಎನ್ನುತ್ತಾರೆ, ಅವನು ‘ಹದಿಮೂರು ಸಿಗ್ತದೆ’ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಡುವಿನ ಹನ್ನೊಂದೂವರೆ ಸಾವಿರ ಚಿಲ್ಲರೆಯಲ್ಲಿ ಜಿಎಸ್‌ಟಿ, ಸೇವಾಶುಲ್ಕ ಬಿಟ್ಟರೆ ಉಳಿದದ್ದು ಅವನದ್ದೇ ಹಣ, ಮುಂದೆ ಸಿಗಬೇಕಾದದ್ದು. ಕಳ್ಳತನ ನಡೆಯುವುದಿದ್ದರೆ ಅಲ್ಲಿಯೇ ನಡೆಯುವುದು. ಬಿಲ್ಲಿನಲ್ಲಿ ಪಿಎಫ್ ತೋರಿಸಿ ಖಾತೆಗೆ ಕಟ್ಟದೆ ಉಳಿಸಿಕೊಳ್ಳುವುದು, ವೇತನವನ್ನೇ ಒಡೆದು ಅರ್ಧವನ್ನು ಭತ್ಯೆಯೆಂದು ಬರೆದು ಪಿಎಫ್ ತಗ್ಗಿಸುವುದು, ಬೋನಸ್ಸನ್ನು ದೀಪಾವಳಿಯ ಸ್ವೀಟ್ ಬಾಕ್ಸಿಗೆ ಇಳಿಸುವುದು.

ಇದೇ ದರದಲ್ಲಿ ಅರವತ್ತು ಮನೆಗಳ ಒಂದು ಕಟ್ಟಡ ಮೂರೂವರೆ ಜನರನ್ನು ಇಟ್ಟುಕೊಂಡರೆ ಮನೆಯೊಂದಕ್ಕೆ ತಿಂಗಳಿಗೆ ಸುಮಾರು 1,440 ರೂಪಾಯಿ. ಇಬ್ಬರನ್ನೇ ಇಟ್ಟುಕೊಂಡರೆ 825. ವ್ಯತ್ಯಾಸ ಆರುನೂರು ಚಿಲ್ಲರೆ. ಸಂಘದ ವಾರ್ಷಿಕ ಸಭೆಯಲ್ಲಿ ಲಿಫ್ಟಿನ ಒಳಗೋಡೆಗೆ ಗ್ರಾನೈಟ್ ಹಾಕಿಸಲು ಇದಕ್ಕಿಂತ ಬೇಗ ಒಮ್ಮತ ಬರುತ್ತದೆ.

ಕಾವಲು ಎಂದು ಕರೆಯುವ ಈ ಕೆಲಸದಲ್ಲಿ ಏನೇನಿದೆ ಎಂಬುದು ಬೇಸಿಗೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಇಳಿದ ಹಾಗೆ ಪಾಲಿಕೆಯ ನಳ್ಳಿಯಲ್ಲಿ ನೀರು ಬಿಟ್ಟು ಬಿಟ್ಟು ಬರತೊಡಗುತ್ತದೆ. 2019ರಲ್ಲೂ 2023ರಲ್ಲೂ ಹಾಗಾಯಿತು. ಆಗ ರಾತ್ರಿ ಪಾಳಿಯವನ ಮುಖ್ಯ ಕೆಲಸ ಕಳ್ಳನನ್ನು ಕಾಯುವುದಲ್ಲ, ನೀರನ್ನು ಕಾಯುವುದು. ಒಂದೂವರೆಗೋ ಎರಡಕ್ಕೋ ಸಂಪಿಗೆ ನೀರು ಬಿದ್ದ ಸದ್ದು ಕೇಳಿದೊಡನೆ ಎದ್ದು ಮೋಟಾರು ಹಾಕಬೇಕು, ಟ್ಯಾಂಕು ತುಂಬಿ ಹರಿಯುವ ಮೊದಲು ಆರಿಸಬೇಕು, ಟ್ಯಾಂಕರ್ ಬಂದರೆ ಪೈಪು ಎಳೆದು ಲೀಟರ್ ಲೆಕ್ಕ ಪುಸ್ತಕದಲ್ಲಿ ಬರೆದಿಡಬೇಕು. ಮಳೆಗಾಲದಲ್ಲಿ ಜನರೇಟರ್. ಉಳಿದಂತೆ ಪಾರ್ಸೆಲ್, ಕಾರು ಹಿಂದೆ ತೆಗೆಯುವಾಗ ‘ಬರ್ಲಿ ಬರ್ಲಿ’, ಅಜ್ಜಿಯನ್ನು ಲಿಫ್ಟಿನವರೆಗೆ ಕರೆದೊಯ್ಯುವುದು. ಗುತ್ತಿಗೆ ಪತ್ರದಲ್ಲಿ ಇದ್ಯಾವುದೂ ಇರುವುದಿಲ್ಲ. ಪಂಪ್ ಆಪರೇಟರ್ ಎಂದು ಬೇರೆ ಒಬ್ಬನನ್ನು ನೇಮಿಸಿದರೆ ಅವನಿಗೂ ಕನಿಷ್ಠ ವೇತನ ಉಂಟು, ಆದ್ದರಿಂದ ನೇಮಿಸುವುದಿಲ್ಲ.

ಕಾನೂನು ಕಾವಲುಗಾರನನ್ನು ಕಲ್ಪಿಸಿಕೊಂಡಿರುವ ರೀತಿಯೇ ಬೇರೆ. ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆ ಬಂದದ್ದು 2005ರಲ್ಲಿ. ಉದ್ಯಮದವರು ಅದನ್ನು ‘ಪಸಾರಾ’ ಎನ್ನುತ್ತಾರೆ. ಪರವಾನಗಿಯಿಲ್ಲದೆ ಏಜೆನ್ಸಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 25,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾವಲುಗಾರನ ವಯಸ್ಸು 18ರಿಂದ 65, ಪೊಲೀಸ್ ಪರಿಶೀಲನೆ ಆಗಿರಬೇಕು. ಇದರಡಿ ಕೇಂದ್ರ ರೂಪಿಸಿದ ಮಾದರಿ ನಿಯಮ ಓದಿದರೆ ಸಣ್ಣಗೆ ನಗು ಬರುತ್ತದೆ, ಆಮೇಲೆ ಗೌರವವೂ ಬರುತ್ತದೆ. ಗಂಡಸಾದರೆ ಎತ್ತರ 160 ಸೆಂಟಿಮೀಟರ್, ಹೆಂಗಸಾದರೆ 150. ಒಂದು ಕಿಲೋಮೀಟರನ್ನು ಆರು ನಿಮಿಷದಲ್ಲಿ ಓಡಬೇಕು. ಬೂಟಿಗೆ ಲೇಸ್ ಇರಬೇಕು, ಸೀಟಿ ದಾರಕ್ಕೆ ಕಟ್ಟಿ ಎಡ ಜೇಬಿನಲ್ಲಿರಬೇಕು. ತರಗತಿಯಲ್ಲಿ 100 ಗಂಟೆ, ಕ್ಷೇತ್ರದಲ್ಲಿ 60 ಗಂಟೆ, ಒಟ್ಟು ಕನಿಷ್ಠ 20 ಕೆಲಸದ ದಿನಗಳ ತರಬೇತಿ. ಮಾಜಿ ಸೈನಿಕರಿಗೂ ಮಾಜಿ ಪೊಲೀಸರಿಗೂ ಇದು ಮೊಟಕು. ಪಠ್ಯದಲ್ಲಿ ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಗುಂಪು ನಿಯಂತ್ರಣ, ಸ್ಫೋಟಕದ ಪ್ರಾಥಮಿಕ ಅರಿವು, ಗುರುತಿನ ಚೀಟಿ ಓದಲು ಬೇಕಾದಷ್ಟು ಇಂಗ್ಲಿಷ್ ಅಕ್ಷರ.

2020ರ ಜನವರಿ 20ರಂದು ಬಜ್ಪೆ ವಿಮಾನ ನಿಲ್ದಾಣದ ಹೊರಗೆ ಸ್ಫೋಟಕ ತುಂಬಿದ ಚೀಲ ಸಿಕ್ಕಿದ ಊರು ಇದು. 2022ರ ನವೆಂಬರ್‌ನಲ್ಲಿ ನಾಗುರಿಯಲ್ಲಿ ರಿಕ್ಷಾದೊಳಗೆ ಕುಕ್ಕರ್ ಸಿಡಿದ ಊರೂ ಇದೇ. ವಾರಸುದಾರರಿಲ್ಲದ ಚೀಲ ಕಂಡರೆ ಏನು ಮಾಡಬೇಕೆಂಬುದು ಇಲ್ಲಿನ ಮಾಲಿನ ಬಾಗಿಲಲ್ಲಿ ನಿಂತವನಿಗೆ ಪುಸ್ತಕದ ಪ್ರಶ್ನೆಯಲ್ಲ. ಆದರೆ ಸಣ್ಣ ಸೈಟುಗಳಲ್ಲಿ ಮೊದಲ ದಿನದ ತರಬೇತಿ ಹೇಗಿರುತ್ತದೆ? ಫೀಲ್ಡ್ ಆಫೀಸರ್ ಬೈಕಿನಲ್ಲಿ ಕೂರಿಸಿಕೊಂಡು ಬಂದು, ಅಳತೆಗೆ ಸರಿಯೋ ಇಲ್ಲವೋ ಎಂದು ನೋಡದೆ ಒಂದು ಜೊತೆ ಯೂನಿಫಾರ್ಮ್ ಕೊಟ್ಟು, ರಿಜಿಸ್ಟರ್, ಕೀಗೊಂಚಲು, ಮೋಟಾರಿನ ಸ್ವಿಚ್ ತೋರಿಸಿ ಹೋಗುತ್ತಾನೆ. ಯೂನಿಫಾರ್ಮಿನ ಡಿಪಾಸಿಟ್ ಮೊದಲ ಸಂಬಳದಲ್ಲಿ ಕಟ್.

ಈ ಕೆಲಸಕ್ಕೆ ಬರುವವರು ಯಾರು? ಒಂದು ಕಾಲಕ್ಕೆ ಗೂರ್ಖಾ ಎಂದರೆ ಮುಗಿಯಿತು. ರಾತ್ರಿ ಕೋಲು ಬಡಿದು ಸೀಟಿ ಊದಿ, ತಿಂಗಳಿಗೊಮ್ಮೆ ಅಂಗಡಿ ಅಂಗಡಿಗೆ ಬಂದು ಸಲಾಮು ಹೊಡೆದು ಹಣ ಪಡೆದುಕೊಂಡು ಹೋಗುತ್ತಿದ್ದ. ಆಮೇಲೆ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಕೆಲಸ ಕಳೆದುಕೊಂಡವರು, ಮುಂಬಯಿಯ ಹೋಟೆಲಿನಲ್ಲೋ ಗಲ್ಫಿನಲ್ಲೋ ದುಡಿದು ಊರಿಗೆ ಮರಳಿದವರು, ಐವತ್ತು ದಾಟಿದವರು, ಉತ್ತರ ಕರ್ನಾಟಕದಿಂದ ಬಂದವರು, ಈಗ ಅಸ್ಸಾಂ, ಒಡಿಶಾ, ಬಿಹಾರದ ಹುಡುಗರು. ಹೊರಗಿನ ಹುಡುಗರಿಗೆ ಏಜೆನ್ಸಿಯೇ ಕೋಣೆ ಕೊಡುತ್ತದೆ. ಹನ್ನೆರಡು ಗಂಟೆಯ ಪಾಳಿಗೆ ಅವರು ಹೆಚ್ಚು ತಕರಾರು ಮಾಡುವುದಿಲ್ಲ, ನಾಲ್ಕು ಕಾಸು ಹೆಚ್ಚು ಸಿಗುವುದಾದರೆ ತಾವಾಗಿಯೇ ಡಬಲ್ ಡ್ಯೂಟಿ ಕೇಳುತ್ತಾರೆ. ಊರಿನ ಹಿರಿಯರಿಗೆ ಅದು ಸಾಧ್ಯವಿಲ್ಲ.

ಹಿರಿಯರಿಗೆ ಇನ್ನೊಂದು ತೊಡಕಿದೆ, ಅದರ ಮಾತು ಯಾರೂ ಆಡುವುದಿಲ್ಲ. ಪಿಎಫ್‌ನ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಮತ್ತು ಪಿಂಚಣಿ ಯೋಜನೆಯ ಸದಸ್ಯತ್ವ 58ಕ್ಕೆ ಮುಗಿಯುತ್ತದೆ. ಹಿಂದೆ ಪಿಎಫ್ ಇಲ್ಲದ ಕೆಲಸದಲ್ಲಿದ್ದು ಐವತ್ತೆರಡನೆಯ ವಯಸ್ಸಿಗೆ ಮೊದಲ ಬಾರಿ ಯೂನಿಫಾರ್ಮ್ ಹಾಕಿಕೊಂಡವನಿಗೆ ಹತ್ತು ವರ್ಷ ತುಂಬುವ ದಾರಿಯೇ ಇಲ್ಲ. ಕಟ್ಟಿದ್ದನ್ನು ಹಿಂದೆ ಪಡೆಯಬಹುದು, ಪಿಂಚಣಿ ಇಲ್ಲ. ಗ್ರಾಚ್ಯುಯಿಟಿಯದ್ದು ಇನ್ನೊಂದು ಕಥೆ. ಅದಕ್ಕೆ ಒಬ್ಬನೇ ಮಾಲೀಕನ ಕೈಕೆಳಗೆ ಐದು ವರ್ಷದ ಸೇವೆ ಬೇಕಿತ್ತು. ಸಂಸ್ಥೆಗಳು ಎರಡು ಮೂರು ವರ್ಷಕ್ಕೊಮ್ಮೆ ಟೆಂಡರ್ ಕರೆಯುತ್ತವೆ. ಏಜೆನ್ಸಿ ಬದಲಾಗುತ್ತದೆ, ಅಂಗಿಯ ಬಣ್ಣ ಬದಲಾಗುತ್ತದೆ, ಮನುಷ್ಯ ಅದೇ ಗೇಟಿನಲ್ಲಿ ಅದೇ ಕುರ್ಚಿಯಲ್ಲಿ ಇರುತ್ತಾನೆ. ಹನ್ನೆರಡು ವರ್ಷ ಒಂದೇ ಆಸ್ಪತ್ರೆಯ ಗೇಟು ಕಾಯ್ದವನೂ ಕಾಗದದಲ್ಲಿ ಸದಾ ಹೊಸಬ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಯಿಟಿ ಉಂಟು, ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಲೇಬೇಕೆಂದೂ ಉಂಟು. ಈ ವರ್ಗಕ್ಕೆ ಅದರಿಂದ ನಿಜವಾದ ಲಾಭ ಆಗಬಹುದು, ಆದರೆ ಅದು ಏಜೆನ್ಸಿಗಳು ನೇಮಕವನ್ನು ಯಾವ ಹೆಸರಿನಲ್ಲಿ ಬರೆಯುತ್ತವೆ ಎಂಬುದರ ಮೇಲೆ ಹೋಗುತ್ತದೆ.

ಇದಕ್ಕೆ ಬೇರೆ ದಾರಿ ಇಲ್ಲವೇ ಎಂದರೆ, ನಮ್ಮವರು ಮೂರು ತಲೆಮಾರು ಗುಳೆ ಹೋದ ಊರಿನಲ್ಲೇ ಇದೆ. ಮಹಾರಾಷ್ಟ್ರ 1981ರಲ್ಲಿ ಖಾಸಗಿ ಕಾವಲುಗಾರರಿಗೆಂದೇ ಪ್ರತ್ಯೇಕ ಕಾಯ್ದೆ ಮಾಡಿ ಬೃಹನ್ಮುಂಬಯಿ ಮತ್ತು ಠಾಣೆಗೆ ಸೆಕ್ಯುರಿಟಿ ಗಾರ್ಡ್ ಬೋರ್ಡ್ ಕಟ್ಟಿತು. ಕಾವಲುಗಾರ ಬೋರ್ಡಿನಲ್ಲಿ ನೋಂದಾಯಿಸಿಕೊಳ್ಳುತ್ತಾನೆ, ಕಂಪನಿ ಸಂಬಳವನ್ನೂ ಅದರ ಮೇಲಿನ ಲೆವಿಯನ್ನೂ ಬೋರ್ಡಿಗೆ ಕಟ್ಟುತ್ತದೆ, ಬೋರ್ಡು ಅವನಿಗೆ ಸಂಬಳ, ಪಿಎಫ್, ರಜೆ ಕೊಡುತ್ತದೆ. ಗೇಟು ಬದಲಾದರೂ ಸೇವೆ ಮುರಿಯುವುದಿಲ್ಲ. ಬೋರ್ಡಿನ ಹೊರಗೆ ಖಾಸಗಿ ಏಜೆನ್ಸಿಗಳೂ ಅಲ್ಲಿ ಧಾರಾಳವಾಗಿವೆ, ಬೋರ್ಡಿನ ಮೇಲೆ ದೂರುಗಳೂ ಇಲ್ಲದಿಲ್ಲ. ಆದರೂ ಸೇವೆಯ ಲೆಕ್ಕವನ್ನು ಏಜೆನ್ಸಿಯ ಕಪಾಟಿನಿಂದ ಹೊರಗೆ ತಂದದ್ದು ದೊಡ್ಡ ಸಂಗತಿ. ಕರ್ನಾಟಕದಲ್ಲಿ ಅಂಥದ್ದೊಂದನ್ನು ಮಂಗಳೂರಿನಿಂದಲೇ ಶುರು ಮಾಡಬಹುದು ಎಂದು ನನಗೆ ಅನಿಸುತ್ತದೆ. ನಗರ ಅಷ್ಟು ದೊಡ್ಡದಲ್ಲ, ದೊಡ್ಡ ಗೇಟುಗಳನ್ನು ಬೆರಳಲ್ಲಿ ಎಣಿಸಬಹುದು.

ಕೆಲಸ ಹೆಚ್ಚುತ್ತಿರುವುದು ಎಲ್ಲಿ? ಎಟಿಎಂಗಳಲ್ಲಿ ಅಲ್ಲ. 2013ರ ನವೆಂಬರ್‌ನಲ್ಲಿ ಬೆಂಗಳೂರಿನ ಎಟಿಎಂ ಒಳಗೆ ಮಹಿಳೆಯೊಬ್ಬರ ಮೇಲೆ ಮಚ್ಚಿನಿಂದ ದಾಳಿಯಾಯಿತು. ಆ ಎಟಿಎಂ ಮಂಗಳೂರಿನಲ್ಲಿ ಪ್ರಧಾನ ಕಚೇರಿಯಿದ್ದ ಕಾರ್ಪೊರೇಷನ್ ಬ್ಯಾಂಕಿನದ್ದು. ಕಾವಲುಗಾರರಿಲ್ಲದ ಎಟಿಎಂ ಇರಕೂಡದೆಂದು ಆಗ ದೊಡ್ಡ ಗದ್ದಲವಾಗಿ ಎಷ್ಟೋ ಜನರಿಗೆ ಕೆಲಸ ಸಿಕ್ಕಿತು. ಮುಂದೆ ಕ್ಯಾಮೆರಾ, ಸೈರನ್, ದೂರದ ಕಂಟ್ರೋಲ್ ರೂಮ್ ಬಂದವು, ಕುರ್ಚಿ ಖಾಲಿಯಾದವು. 2019 ಮತ್ತು 2020ರ ವಿಲೀನಗಳಲ್ಲಿ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಎಂಬ ಹೆಸರುಗಳೇ ಕರಾವಳಿಯಿಂದ ಅಳಿಸಿಹೋದವು. ಬ್ಯಾಂಕಿನ ಬಾಗಿಲಲ್ಲಿ ಡಬಲ್ ಬ್ಯಾರೆಲ್ ಹಿಡಿದು ನಿಲ್ಲುತ್ತಿದ್ದ ಮೀಸೆಯ ಮಾಜಿ ಸೈನಿಕರನ್ನು ಈಗ ಎಷ್ಟು ಶಾಖೆಗಳಲ್ಲಿ ಕಾಣುತ್ತೀರಿ? 2025ರ ಜನವರಿ 16ರಂದು ಬೀದರಿನಲ್ಲಿ ಎಟಿಎಂ ಹಣ ಸಾಗಿಸುವವರ ಮೇಲೆ ಗುಂಡು ಹಾರಿತು, ಮರುದಿನವೇ ಉಳ್ಳಾಲದ ಕೆ.ಸಿ. ರೋಡಿನಲ್ಲಿ ಕೋಟೆಕಾರು ಸಹಕಾರಿ ಬ್ಯಾಂಕಿನ ಶಾಖೆ ಹಾಡಹಗಲೇ ದರೋಡೆಯಾಯಿತು. ಅಂಥ ವಾರಗಳಲ್ಲಿ ಕಾವಲುಗಾರರಿಗೆ ಬೇಡಿಕೆ ಏರುತ್ತದೆ, ಆರು ತಿಂಗಳಿಗೆ ಬಜೆಟ್ಟಿನೊಂದಿಗೆ ಇಳಿಯುತ್ತದೆ.

ಸ್ಥಿರವಾಗಿ ಬೇಡಿಕೆ ಇರುವುದು ಆಸ್ಪತ್ರೆಗಳಲ್ಲಿ. ಕಂಕನಾಡಿಯಿಂದ ಕುಂಟಿಕಾನದವರೆಗೆ, ಅಲ್ಲಿಂದ ದೇರಳಕಟ್ಟೆಯವರೆಗೆ ವೈದ್ಯಕೀಯ ಕಾಲೇಜುಗಳ ಸಾಲೇ ಇರುವ ಊರಿದು. ಹಾಸ್ಟೆಲ್ಲು, ಐಸಿಯುವಿನ ಬಾಗಿಲು, ಪಾರ್ಕಿಂಗ್, ತುರ್ತು ವಿಭಾಗ ಎಲ್ಲ ಕಡೆ ಜನ ಬೇಕು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಕೊಲೆಯಾದ ಮೇಲೆ ಕೇಂದ್ರ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಭದ್ರತೆಯನ್ನು ಶೇ 25 ಹೆಚ್ಚಿಸಿಕೊಳ್ಳಲು ಅನುಮತಿ ಕೊಟ್ಟಿತು. ಎಲ್ಲ ಕಡೆ ಅದರ ಗಾಳಿ ಬೀಸಿತು. ಹೆಂಗಸರಿಗೆ ಹೆಚ್ಚು ಕೆಲಸ ತೆರೆದದ್ದೂ ಇಲ್ಲಿಯೇ. ಹೆರಿಗೆ ವಾರ್ಡಿನಲ್ಲಿ, ಹುಡುಗಿಯರ ಹಾಸ್ಟೆಲ್ಲಿನಲ್ಲಿ, ಮಾಲಿನ ತಪಾಸಣೆಯಲ್ಲಿ ಅವರಿಲ್ಲದೆ ನಡೆಯುವುದಿಲ್ಲ. ವಿಮಾನ ನಿಲ್ದಾಣಗಳೂ ಇನ್ನೊಂದು ದಾರಿ: 2022ರಲ್ಲಿ ದೇಶದ 50 ವಿಮಾನ ನಿಲ್ದಾಣಗಳಲ್ಲಿ ಸಿಐಎಸ್‌ಎಫ್‌ನ 3,049 ಹುದ್ದೆ ತೆಗೆದು, ಸರದಿ ನೋಡಿಕೊಳ್ಳುವಂಥ ಕೆಲಸಕ್ಕೆ 1,924 ಖಾಸಗಿ ಕಾವಲುಗಾರರನ್ನು ಇಡುವ ತೀರ್ಮಾನವಾಯಿತು.

ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗನೊಬ್ಬ ಈ ಕ್ಷೇತ್ರಕ್ಕೆ ಬರುವುದಾದರೆ ಗೇಟಿನಲ್ಲಿ ಹತ್ತು ವರ್ಷ ನಿಲ್ಲುವ ಲೆಕ್ಕ ಹಾಕಬಾರದು. ಎರಡು ವರ್ಷದೊಳಗೆ ಸಿಸಿಟಿವಿ ಕಂಟ್ರೋಲ್ ರೂಮ್, ಅಗ್ನಿಸುರಕ್ಷೆ, ಬೈಕಂಪಾಡಿ ಮತ್ತು ಎಸ್‌ಇಝಡ್ ಕಾರ್ಖಾನೆಗಳ ಸುರಕ್ಷತಾ ವಿಭಾಗ ಇವುಗಳತ್ತ ಸರಿಯಬೇಕು. ಸಂಬಳ ಏರುವ ಮೆಟ್ಟಿಲು ಅಲ್ಲಿದೆ, ಗೇಟಿನಲ್ಲಿ ಇಲ್ಲ. ಏಜೆನ್ಸಿಯ ಸೂಪರ್‌ವೈಸರ್ ಆಗಲು ಸೇನೆಯಲ್ಲೋ ಪೊಲೀಸಿನಲ್ಲೋ ಮೂರು ವರ್ಷದ ಅನುಭವವಿದ್ದವರಿಗೆ ಕಾಯ್ದೆಯೇ ಆದ್ಯತೆ ಕೊಡುತ್ತದೆ, ಅದನ್ನೂ ತಿಳಿದಿರುವುದು ಒಳ್ಳೆಯದು. ಗಲ್ಫಿಗೆ ಹೋಗುವವರಿಗೆ ಒಂದೇ ಮಾತು: ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತ ಏಜೆಂಟ್ ಸೇವಾಶುಲ್ಕವೆಂದು 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ದುಬೈಯಲ್ಲಿ ಅಲ್ಲಿನ ಭದ್ರತಾ ನಿಯಂತ್ರಣ ಸಂಸ್ಥೆ ಸಿರಾದ ತರಬೇತಿ, ಪರವಾನಗಿ ಇಲ್ಲದೆ ಕಾವಲು ಕೆಲಸವೇ ಇಲ್ಲ. ಇಲ್ಲಿ ಕಾಗದದಲ್ಲಿ ಉಳಿದ ತರಬೇತಿಯನ್ನು ಅಲ್ಲಿ ನಿಜವಾಗಿ ಮಾಡಿಸುತ್ತಾರೆ.

ಈ ಊರಿನಲ್ಲೇ ಸೇರುವವರು ಯೂನಿಫಾರ್ಮಿನ ಅಳತೆ ಕೊಡುವ ಮೊದಲು ಮೂರು ಕಾಗದ ಕೇಳಿ ಪಡೆಯಬೇಕು. ನೇಮಕಾತಿ ಪತ್ರ, ಇಎಸ್‌ಐ ಸಂಖ್ಯೆ, ಯುಎಎನ್ ಎಂಬ ಪಿಎಫ್ ಖಾತೆ ಸಂಖ್ಯೆ. ಇಎಸ್‌ಐ ಸಂಖ್ಯೆ ಇದ್ದರೆ ಕದ್ರಿ ಶಿವಬಾಗಿನ ಇಎಸ್‌ಐ ಆಸ್ಪತ್ರೆಯಲ್ಲಿ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ, ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70 ಬರುತ್ತದೆ. ತಿಂಗಳ ವೇತನ 21,000 ದಾಟಿದರೆ ಈ ಸೌಲಭ್ಯ ಇಲ್ಲ, ಆಗ ಬೇರೆ ವಿಮೆಯ ಏರ್ಪಾಡು ಏನು ಎಂದು ಕೇಳಬೇಕು. ಯುಎಎನ್ ಸಿಕ್ಕಿದ ಮೇಲೆ ಎರಡು ತಿಂಗಳು ಬಿಟ್ಟು ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು ನೋಡಬೇಕು. ಸಂಬಳದ ಚೀಟಿಯಲ್ಲಿ ಕಡಿತವಾದ ಹಣ ಅಲ್ಲಿ ಕಾಣದಿದ್ದರೆ ಹೈಲ್ಯಾಂಡ್ಸ್‌ನ ಪಿಎಫ್ ಕಚೇರಿಗೆ ಒಂದು ಅರ್ಜಿ ಬರೆದರೆ ಸಾಕು. ಬರೆಯುವುದಕ್ಕೆ ರಜೆ ಬೇಕು, ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ ಎಂಬ ಲೆಕ್ಕದಲ್ಲಿಯೇ ಬಹಳ ಜನ ಸುಮ್ಮನಾಗುತ್ತಾರೆ. ದೂರನ್ನು ಮೊಬೈಲಿನಲ್ಲೇ ಕೊಡಬಹುದು, ರಾತ್ರಿ ಪಾಳಿಯಲ್ಲಿ ನೀರು ಬರುವುದನ್ನು ಕಾಯುತ್ತಾ ಕೂತಾಗಲೂ.